ಅರ್ಧ ಶಟರ್

ನಮ್ಮ ಮನೆಯಲ್ಲಿ ಮೂರು ಅಡಿ ಉದ್ದದ ಒಂದು ಕಬ್ಬಿಣದ ಸಳಿಯಿದೆ. ಅದರ ಒಂದು ತುದಿ ಕೊಕ್ಕೆಯಾಗಿ ಬಾಗಿದೆ. ಇನ್ನೊಂದು ತುದಿ ನಲವತ್ತು ವರ್ಷ ನನ್ನ ಅಂಗೈಯಲ್ಲಿ ತಿಕ್ಕಿಸಿಕೊಂಡು ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅಂಗಡಿಯ ಶಟರ್ ಎಳೆಯುವ ಕೊಕ್ಕೆ ಅದು. ಅಂಗಡಿ ಹೋಯಿತು, ಶಟರ್ ಹೋಯಿತು, ಕೊಕ್ಕೆ ಮಾತ್ರ ಆಟೋದಲ್ಲಿ ನನ್ನ ಪಕ್ಕ ಕೂತು ಮನೆಗೆ ಬಂತು. ಬಂದ ದಿನ ಸೊಸೆ ಶೀತಲ ಅದನ್ನು ಮೇಲಿಂದ ಕೆಳಗೆ ನೋಡಿ, "ಮಾಮಾ, ಇದರ್ಲೆ ಮನ್ಯಾಗ ಏನ್ ಎಳೀತೀರಿ?" ಎಂದು ಕೇಳಿದಳು. ಆಗ ನನ್ನ ಬಳಿ ಉತ್ತರವಿರಲಿಲ್ಲ. ಈಗ ಇದೆ, ಆದರೆ ತುಸು ಉದ್ದದ್ದು, ಕೂತುಕೊಳ್ಳಿ, ಹೇಳುತ್ತೇನೆ. ಈ ಕೊಕ್ಕೆಯ ಸಲುವಾಗಿ ನನ್ನ ನಲವತ್ತು ವರ್ಷದ ಸಂಸಾರ ಕೈಯಲ್ಲಿ ಚೀಲ ಹಿಡಿದು ತವರೂರು ಚಪಳಗಾಂವದ ಬಸ್ಸು ಹತ್ತುವುದರಲ್ಲಿತ್ತು ಎಂದರೆ ನೀವು ನಂಬಲಿಕ್ಕಿಲ್ಲ.

ಮನೆಯ ಮಾತನ್ನು ಹೀಗೆ ಧೈರ್ಯವಾಗಿ ಬರೆಯಲು ಒಂದು ಕಾರಣವಿದೆ. ನನ್ನ ಮಗ ಮಲ್ಲಿನಾಥನಿಗೆ ಕನ್ನಡ ಮಾತಾಡಲು ಬರುತ್ತದೆ, ಜಗಳಾಡಲು ಇನ್ನೂ ಚೆನ್ನಾಗಿ ಬರುತ್ತದೆ, ಓದಲು ಮಾತ್ರ ಬರುವುದಿಲ್ಲ. ಅವನು ಕಲಿತದ್ದು ಮರಾಠಿ ಶಾಲೆಯಲ್ಲಿ. ಸೊಸೆಯದೂ ಅದೇ ಕಥೆ. ಹೀಗಾಗಿ ನಾನು ಕನ್ನಡದಲ್ಲಿ ಬರೆದ ಹಾಳೆ ಊಟದ ಮೇಜಿನ ಮೇಲೆ ಬಿದ್ದಿದ್ದರೂ ತಿಜೋರಿಯಲ್ಲಿಟ್ಟಷ್ಟು ಭದ್ರ. ಅದನ್ನು ಓದಬಲ್ಲವಳು ಒಬ್ಬಳೇ: ಚಪಳಗಾಂವದ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ ನನ್ನ ಹೆಂಡತಿ ಮಹಾದೇವಿ. ಆದ್ದರಿಂದ ಆಕೆಯ ವಿಷಯ ಬರುವ ಸಾಲುಗಳನ್ನೆಲ್ಲ ಎರಡೆರಡು ಸಲ ತಿದ್ದಿದ್ದೇನೆ. ಎಲ್ಲಿಯಾದರೂ ಹೊಗಳಿಕೆ ಸ್ವಲ್ಪ ಹೆಚ್ಚೆನಿಸಿದರೆ ನೀವು ನಕ್ಕು ಮುಂದೆ ಹೋಗಬೇಕು.

ನನ್ನದು ಭಾಂಡಿ ಅಂಗಡಿ, ಎಂದರೆ ಪಾತ್ರೆ ಪಡಗದ ಅಂಗಡಿ. ಸೋಲಾಪುರದ ಹಳೆಯ ಪೇಟೆಯ ಒಂದು ಓಣಿಯಲ್ಲಿ, ಅಪ್ಪ ಕೂಡುತ್ತಿದ್ದ ಅದೇ ಗಾದಿಯ ಮೇಲೆ, ಅಪ್ಪನ ಭಾರಕ್ಕೆ ಬಿದ್ದಿದ್ದ ಅದೇ ತಗ್ಗಿನಲ್ಲಿ ನಾನೂ ಕೂತು ಅದನ್ನು ಇನ್ನಷ್ಟು ಆಳ ಮಾಡಿದೆ. ಭಾಂಡಿ ಅಂಗಡಿಯಷ್ಟು ಗದ್ದಲದ ಜಾಗ ಲೋಕದಲ್ಲಿ ಇನ್ನೊಂದಿರಲಿಕ್ಕಿಲ್ಲ. ಬಂದ ಗಿರಾಕಿ ಪ್ರತಿ ತಂಬಿಗೆಯನ್ನೂ ಬೆರಳಿನಿಂದ ಬಾರಿಸಿ ನೋಡುತ್ತಾನೆ. ಗಿರಾಕಿಯ ಹೆಂಡತಿ ಅವನು ಬಾರಿಸಿದ್ದನ್ನೇ ಮತ್ತೊಮ್ಮೆ ಬಾರಿಸುತ್ತಾಳೆ. ಮೇಲಿನ ಅಟ್ಟದಿಂದ ದೊಡ್ಡ ಪಾತೇಲಿ ಇಳಿಸುವಾಗ ನಾಲ್ಕು ಸಣ್ಣವು ತಾವಾಗಿಯೇ ಇಳಿದು ಬರುತ್ತವೆ. ಇದರ ನಡುವೆ ಮದುವೆಯ ಪಾತ್ರೆಗಳ ಮೇಲೆ ಹೆಸರು ಕೆತ್ತುವ ಯಂತ್ರ ಹಲ್ಲು ಜುಮ್ಮೆನ್ನುವಂತೆ ಕೊರೆಯುತ್ತಿರುತ್ತದೆ. ಬೆಳಗಿನ ಹತ್ತರಿಂದ ಎರಡರವರೆಗೆ ನಾನು ಮನುಷ್ಯನಾಗಿರುತ್ತಿರಲಿಲ್ಲ, ಒಂದು ಘಂಟೆಯ ಒಳಗಿನ ನಾಲಗೆಯಾಗಿರುತ್ತಿದ್ದೆ.

ಎರಡು ಗಂಟೆಗೆ ಸೋಲಾಪುರದ ಬಿಸಿಲು ಬಂದು ಓಣಿಯಲ್ಲಿದ್ದ ಗಿರಾಕಿಗಳನ್ನೆಲ್ಲ ಗುಡಿಸಿ ಮನೆಗೆ ಕಳಿಸುತ್ತಿತ್ತು. ಆಗ ನಾನು ಎದ್ದು, ಕೊಕ್ಕೆ ಹಾಕಿ ಶಟರನ್ನು ಎಳೆಯುತ್ತಿದ್ದೆ. ಪೂರ್ತಿಯಲ್ಲ, ಮೊಣಕಾಲ ಮಟ್ಟಕ್ಕೆ ಬಂದಾಗ ನಿಲ್ಲಿಸುತ್ತಿದ್ದೆ. ಆಮೇಲೆ ಕೊಕ್ಕೆಯನ್ನು ಹೊರಗೆ, ಶಟರಿಗೆ ಆನಿಸಿ ನಿಲ್ಲಿಸುತ್ತಿದ್ದೆ. ನಮ್ಮ ಪೇಟೆಯಲ್ಲಿ ಇದಕ್ಕೆ ಬೋರ್ಡು ಬೇಕಿಲ್ಲ. ಅರ್ಧ ಶಟರ್ ಇಳಿದು ಕೊಕ್ಕೆ ಹೊರಗೆ ನಿಂತಿದೆ ಎಂದರೆ ಮಾಲೀಕ ಒಳಗಿದ್ದಾನೆ, ಆದರೆ ಇಲ್ಲ. ಕೂಗಿದರೆ ಓಗೊಡುವುದಿಲ್ಲ, ಓಗೊಡದಿದ್ದರೆ ಯಾರೂ ಬೇಸರಪಡುವುದಿಲ್ಲ. ನಿಜವಾಗಿ ಅಡಚಣೆ ಇದ್ದವನು ಮಾತ್ರ ಬಗ್ಗಿ ಒಳಗೆ ಬರಬಹುದು. ಅಪ್ಪ ಗಾದಿ ಬಿಟ್ಟುಕೊಟ್ಟ ದಿನ ನನಗೆ ಕೊಟ್ಟ ಉಪದೇಶ ಇದೊಂದೇ: "ಬಗ್ಗಿ ಬಂದಾನಂದ್ರ ಏನರ ಗರಜ ಇದ್ದಽ ಬಂದಾನ. ಅಂವಗ ಸಿಟ್ಟ ಮಾಡಬ್ಯಾಡ, ಎದ್ದ ಕೂಡ್ರು."

ಆ ಎರಡು ತಾಸು ನಾನು ಏನು ಮಾಡುತ್ತಿದ್ದೆ ಎಂದು ಕೇಳಬೇಡಿ, ಏನೂ ಮಾಡುತ್ತಿರಲಿಲ್ಲ. ಅದೇ ಅದರ ಸೊಗಸು. ಗಾದಿಯ ಮೇಲೆ ಅಡ್ಡಾಗಿ, ಶಟರಿನ ಕೆಳಗಿಂದ ತೂರಿಬರುವ ಮೊಣಕಾಲೆತ್ತರದ ಬೆಳಕನ್ನು ನೋಡುತ್ತಿದ್ದೆ. ಆ ಬೆಳಕಿನಲ್ಲಿ ಕೆಳಗಿನ ಸಾಲಿನ ಭಾಂಡಿಗಳು ಮಾತ್ರ ಹೊಳೆಯುತ್ತಿದ್ದವು, ಮೇಲಿನವು ಕತ್ತಲಲ್ಲಿ ನಿದ್ದೆ ಹೋಗುತ್ತಿದ್ದವು. ಹೊರಗೆ ಓಣಿಯಲ್ಲಿ ಹಾಯುವವರ ಕಾಲು ಮಾತ್ರ ಕಾಣುತ್ತಿತ್ತು. ನನಗೆ ಅರ್ಧ ಪೇಟೆಯ ಪರಿಚಯ ಕಾಲಿನಿಂದಲೇ. ಎದುರಿನ ಬಟ್ಟೆ ಅಂಗಡಿಯವನ ಚಪ್ಪಲಿ ಎಡಗಡೆ ಸವೆದಿದ್ದು, ಹೂವಿನವಳ ಹಿಮ್ಮಡಿ ಒಡೆದಿದ್ದು, ಯಾರು ಹೊಸ ಬೂಟು ಕೊಂಡರು, ಯಾರು ಹಳೆಯದನ್ನೇ ಮತ್ತೆ ಹೊಲಿಸಿದರು, ಎಲ್ಲವೂ ಗೊತ್ತಿತ್ತು. ಮುಖಕ್ಕಿಂತ ಕಾಲುಗಳು ಪಾಪ ಬಹಳ ಪ್ರಾಮಾಣಿಕ. ಅವು ಗಿರಾಕಿಯ ಮುಂದೆ ನಗುವುದಿಲ್ಲ, ಸಾಲಗಾರನನ್ನು ಕಂಡು ಹುಬ್ಬು ಗಂಟಿಕ್ಕುವುದಿಲ್ಲ.

ಹಿತ್ತಾಳೆ ಹೋಗಿ ಸ್ಟೀಲು ಬಂದ ಕಾಲದಲ್ಲಿ, ಸ್ಟೀಲಿಗೂ ಕುತ್ತು ತರುವಂಥ ಕಪ್ಪು ನಾನ್‌ಸ್ಟಿಕ್ ತವಾಗಳು ಬಂದ ಕಾಲದಲ್ಲಿ, ಇನ್ನು ನಮ್ಮ ಕಥೆ ಮುಗಿಯಿತು ಎಂದು ಓಣಿಯೆಲ್ಲ ತಲೆಗೆ ಕೈ ಹಚ್ಚಿದಾಗ, ನಾನು ಆ ಸಂಗತಿಯನ್ನು ಎರಡು ಗಂಟೆಯವರೆಗೆ ಹಾಗೇ ಕಟ್ಟಿಟ್ಟು, ಶಟರ್ ಇಳಿಸಿದ ಮೇಲೆ ಬಿಚ್ಚಿ ನೋಡುತ್ತಿದ್ದೆ. ಬಿಸಿಲಲ್ಲಿ ನಿಂತು ನೋಡಿದಾಗ ಹುಲಿಯಂತೆ ಕಂಡದ್ದು ಅರ್ಧ ಕತ್ತಲಲ್ಲಿ ಮಲಗಿ ನೋಡಿದಾಗ ಬೆಕ್ಕಿನಷ್ಟೇ ಇರುತ್ತಿತ್ತು. ನಾಲ್ಕಕ್ಕೆ ಶಟರ್ ಎತ್ತುವ ಹೊತ್ತಿಗೆ ನಾನು ಹೊಸ ತವಾಗಳಿಗೆ ಎಲ್ಲಿ ಜಾಗ ಮಾಡಬೇಕೆಂದು ಯೋಚಿಸುತ್ತಿದ್ದೆ.

ಆ ಶಟರಿನ ಕೆಳಗೆ ಮಹಾದೇವಿ ನಲವತ್ತು ವರ್ಷದಲ್ಲಿ ಒಮ್ಮೆ ಮಾತ್ರ ಬಗ್ಗಿ ಬಂದಿದ್ದಾಳೆ. ನಾನು ಕಣ್ಣು ಮುಚ್ಚಿ ಬಿದ್ದುಕೊಂಡಿದ್ದೆ. ಯಾರೋ ಬಂದು ನಿಂತ ಸಪ್ಪಳವಾಯಿತು. ರೂಢಿಯಂತೆ ಕಣ್ಣು ತೆರೆಯದೆಯೇ, "ಬಗ್ಗಿ ಬರ್ರಿ, ತಲಿ ಬಡದೀತು" ಎಂದೆ. ಕಣ್ಣು ತೆರೆದರೆ ಬೆಳಕಿನಲ್ಲಿ ಚಪ್ಪಲಿಯಿಲ್ಲದ ಎರಡು ಪಾದ, ಕಾಲುಂಗುರ. ಆಗ ಪೇಟೆಯಲ್ಲೇ ಇದ್ದ ಮನೆಯಿಂದ ಆ ಬಿಸಿಲಲ್ಲಿ ಬರಿಗಾಲಲ್ಲಿ ಓಡಿಬಂದಿದ್ದಳು. ಆಕೆ ಬಗ್ಗಿ ಒಳಗೆ ಬಂದು, ನನ್ನ ಅಪ್ಪ ತೀರಿಹೋದರು ಎಂದು ಹೇಳಿದಳು. ಇಬ್ಬರೂ ಅಲ್ಲೇ ಭಾಂಡಿಗಳ ನಡುವೆ ಸ್ವಲ್ಪ ಹೊತ್ತು ಕೂತು ಅತ್ತೆವು, ಆಮೇಲೆ ಎದ್ದು ಮನೆಗೆ ಹೋದೆವು.

ಇಷ್ಟೆಲ್ಲ ಹೇಳಿದ್ದು ಏಕೆಂದರೆ, ಓಣಿಯನ್ನು ಕೆಡವಿ ದೊಡ್ಡ ಕಟ್ಟಡ ಕಟ್ಟುತ್ತಾರೆಂದು ಗೊತ್ತಾದಾಗ ಎಲ್ಲರೂ ನನಗೆ ಅಂಗಡಿಯ ಬಗ್ಗೆ ಸಮಾಧಾನ ಹೇಳಿದರು, ಶಟರಿನ ಬಗ್ಗೆ ಒಬ್ಬರೂ ಹೇಳಲಿಲ್ಲ. ಮಲ್ಲಿನಾಥ ದೊಡ್ಡ ರಸ್ತೆಯ ಮೇಲೆ ಹೊಸ ಅಂಗಡಿ ಹಿಡಿದ. ಸೊಸೆ ಅಲ್ಲಿ ಕಂಪ್ಯೂಟರಿನ ಮುಂದೆ ಕೂತಳು. ಅದಕ್ಕೆ ಕಾಜಿನ, ಎಂದರೆ ಗಾಜಿನ ಬಾಗಿಲು, ಒಳಗೆ ಎಸಿ. ಕಾಜಿನ ಬಾಗಿಲೆಂದರೆ ವಿಚಿತ್ರ ವಸ್ತು: ಮುಚ್ಚಿದಾಗಲೂ ತೆರೆದೇ ಇರುತ್ತದೆ. ಮೂರನೆಯ ದಿನ ಎರಡು ಗಂಟೆಗೆ ನಾನು ಒಂದು ಕುರ್ಚಿಯಲ್ಲಿ ಕೂತು ಹಾಗೇ ಕಣ್ಣು ಮುಚ್ಚಿದೆ. ತೆರೆದಾಗ ಕಾಜಿನ ಆಚೆ ಐದಾರು ಜನ ನಿಂತು ನನ್ನನ್ನೇ ನೋಡುತ್ತಿದ್ದರು. ಒಬ್ಬ ಹೆಂಗಸು ಒಳಗೆ ಬಂದು ಮಗನನ್ನು ಮೆಲ್ಲಗೆ, "ಕಾಕಾ ಬರೇ ಆಹೇತ್ ನಾ?" ಎಂದು ನನ್ನ ಆರೋಗ್ಯ ವಿಚಾರಿಸಿದಳು. ಮಗ ಅಂದು ಸಂಜೆ ಬಹಳ ಮರ್ಯಾದೆಯಿಂದ, "ಅಪ್ಪಾ, ಇನ್ ನೀವು ಮನ್ಯಾಗ ಆರಾಮ ಮಾಡ್ರಿ" ಎಂದ.

ಹೀಗೆ ನಾನು ಜುಳೇ ಸೋಲಾಪುರ ಬಡಾವಣೆಯ ನಮ್ಮ ಮೂರನೆಯ ಮಹಡಿಯ ಮನೆಯಲ್ಲಿ ಆರಾಮ ಮಾಡಲು ಬಂದೆ. ಮಗ ಸೊಸೆ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಉಳಿದವರು ನಾವಿಬ್ಬರೇ. ಮೊದಲ ದಿನ ಊಟವಾಯಿತು, ಎರಡು ಬಡಿಯಿತು. ನಾನು ಮಲಗುವ ಖೋಲಿಗೆ ಹೋದೆ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ಹಾಕುವ ಮೊದಲು, ಪೇಟೆಯ ಧರ್ಮ ಬಿಡಬಾರದೆಂದು ಕೊಕ್ಕೆಯನ್ನು ಹೊರಗೆ ಬಾಗಿಲಿಗೆ ಆನಿಸಿ ನಿಲ್ಲಿಸಿದೆ. ನೋಡಿ, ನನ್ನ ತಪ್ಪಾದದ್ದು ಇಲ್ಲೇ. ಕೊಕ್ಕೆ ಹೊರಗಿದ್ದರೆ ಅದರ ಅರ್ಥವೇನೆಂದು ಇಡೀ ಸೋಲಾಪುರಕ್ಕೆ ಗೊತ್ತಿದೆ ಎಂದು ನಾನು ತಿಳಿದಿದ್ದೆ. ಗೊತ್ತಿದ್ದದ್ದು ನಮ್ಮ ಓಣಿಗೆ ಮಾತ್ರ.

ಮಹಾದೇವಿ ಬಂದು ಬಾಗಿಲು ತಟ್ಟಿದಳು. "ಏನ್ರೀ? ಚಹಾ ಎಷ್ಟಕ್ಕ ಇಡ್ಲಿ?" ನಾನು ಓಗೊಡಲಿಲ್ಲ. ಅರ್ಧ ಶಟರಿನ ಹೊತ್ತಿನಲ್ಲಿ ಓಗೊಡುವ ಪದ್ಧತಿಯಿಲ್ಲವಲ್ಲ! ಆಕೆ ಮತ್ತೆ ತಟ್ಟಿದಳು, ಜೋರಾಗಿ ತಟ್ಟಿದಳು. ನಮ್ಮಂಥವರ ಮನೆಯಲ್ಲಿ ಹಗಲು ಹೊತ್ತಿನಲ್ಲಿ ಗಂಡಸು ಚಿಲಕ ಹಾಕಿಕೊಂಡು ಮಾತಾಡದೆ ಒಳಗಿದ್ದಾನೆಂದರೆ ಅದಕ್ಕೆ ಒಂದೇ ಅರ್ಥ. ಅಂಗಡಿ ಹೋದ ದುಃಖ ಎದೆಗೆ ಹತ್ತಿದೆ! ಐದು ನಿಮಿಷದಲ್ಲಿ ಮೇಲಿನ ಮಹಡಿಯ ಮರಾಠಿ ಕಾಕು ಮೂರ್ಛೆ ಹೋದವನಿಗೆ ಮೂಸಿಸಲೆಂದು ಈರುಳ್ಳಿ ಹಿಡಿದು ಓಡಿಬಂದರು, "ಅಹೋ ಭಾವೋಜಿ, ದಾರ ಉಘಡಾ!" ಎಂದು ಕೂಗುತ್ತ, ತೆರೆಯಿರೆಂದು ಬಾಗಿಲು ಬಡಿದರು. ಫೋನು ಹೋಯಿತು, ಮಗ ಸೊಸೆ ಕಾಜಿನ ಬಾಗಿಲು ಹಾಕಿ ಬಂದರು. ಇಷ್ಟು ಹೊತ್ತಿಗೆ ಓಗೊಡಬೇಕೆಂದು ನನಗೂ ಅನಿಸಿತ್ತು, ಆದರೆ ಇಷ್ಟು ಜನ ಕೂಡಿದ ಮೇಲೆ ಸುಮ್ಮನೆ ಮಲಗಿದ್ದೆ ಎಂದು ಹೇಳುವ ಧೈರ್ಯವಾಗದೆ ಏನು ನೆಪ ಹೇಳಲಿ ಎಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ಮಹಾದೇವಿಯ ಕೈಗೆ ಬಾಗಿಲಿಗೆ ಆನಿಸಿಟ್ಟ ಕೊಕ್ಕೆಯೇ ಸಿಕ್ಕಿತು. ನನ್ನನ್ನು ಕಾಯಲು ನಿಲ್ಲಿಸಿದ್ದ ಆ ಕೊಕ್ಕೆಯಿಂದಲೇ ಆಕೆ ಸಂದಿಯಲ್ಲಿ ಮೀಟಿ ಚಿಲಕವನ್ನು ಮೊಳೆಸಮೇತ ಕಿತ್ತಳು.

ಎಲ್ಲರೂ ಒಳಗೆ ನುಗ್ಗಿದಾಗ ನಾನು ಹಾಸಿಗೆಯ ಮೇಲೆ ಕೂತು, "ಏನ್ ಬೇಕಾಗಿತ್ರೀ?" ಎಂದೆ. ನಲವತ್ತು ವರ್ಷದ ರೂಢಿ, ಬಾಯಿಗೆ ಬಂದದ್ದು ಅದೇ. ಕಾಕು ತಂದ ಈರುಳ್ಳಿಯನ್ನು ಮಹಾದೇವಿ ಮೂಸಿ ನೋಡಬೇಕಾಯಿತು. ಅವತ್ತಿನಿಂದ ನಮ್ಮ ಖೋಲಿಗೆ ಚಿಲಕವಿಲ್ಲ. ಕೊಕ್ಕೆಯನ್ನು ಫ್ರಿಜ್ಜಿನ ಹಿಂದೆ ಜೈಲಿಗೆ ಹಾಕಿದರು.

ಚಿಲಕ ಹೋದ ಮೇಲೆ ನನ್ನ ಎರಡು ತಾಸು ಬೀದಿಗೆ ಬಿದ್ದವು. ಸುಮ್ಮನಿರಲು ಜಾಗವಿಲ್ಲದವನು ಮಾತಾಡತೊಡಗುತ್ತಾನೆ. ನಾನು ಅಡಿಗೆಮನೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತೆ. ಪಾಪ, ಮಹಾದೇವಿ ಇಷ್ಟು ವರ್ಷ ಮಧ್ಯಾಹ್ನವೆಲ್ಲ ಒಬ್ಬಳೇ ಬೇಸರಪಟ್ಟಿರಬೇಕು, ಜೊತೆಯಾಗೋಣ ಎಂಬ ಸದ್ಭಾವನೆ ಬೇರೆ. ರೊಟ್ಟಿ ಬಡಿಯುವಾಗ ಅಂಚು ದಪ್ಪವಾಯಿತೆಂದೆ. ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕುತ್ತೀ ಎಂದು ಎಣಿಸಿದೆ. ಒಂದು ದಿನ ಆಕೆ ಗುಡಿಗೆ ಹೋದಾಗ, ಅವಳಿಗೆ ಅನುಕೂಲವಾಗಲೆಂದು ಅಡಿಗೆಮನೆಯ ಅಷ್ಟೂ ಡಬ್ಬಿಗಳನ್ನು ಅಂಗಡಿಯ ಪದ್ಧತಿಯಂತೆ, ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಹೊಂದಿಸಿಟ್ಟೆ. ನೋಡಲು ಎಷ್ಟು ಚೆಂದ ಕಾಣುತ್ತಿತ್ತು ಅಂತೀರಿ! ಅರಿಷಿಣ ಎಲ್ಲಿದೆ ಎಂದು ಮಾತ್ರ ಎರಡು ದಿನ ಯಾರಿಗೂ ಸಿಗಲಿಲ್ಲ. ನಲವತ್ತು ವರ್ಷದಲ್ಲಿ ನಮ್ಮ ನಡುವೆ ದೊಡ್ಡ ಜಗಳವೇ ಆಗಿಲ್ಲ, ಆದರೆ ಈಗ ಆಕೆ ಹೆಚ್ಚುಹೆಚ್ಚು ಸುಮ್ಮನಾಗತೊಡಗಿದಳು, ಪಾತ್ರೆಗಳನ್ನು ಇಡುವ ಸಪ್ಪಳ ಹೆಚ್ಚಾಗತೊಡಗಿತು. ಪಾತ್ರೆಯ ಸಪ್ಪಳದ ಭಾಷೆ ನನಗೆ ಬರಬೇಕಿತ್ತು; ಆದರೂ ತಿಳಿಯಲಿಲ್ಲ.

ಒಂದು ಬುಧವಾರ ನೋಡುತ್ತೇನೆ, ಕಪಾಟಿನ ಮೇಲಿನ ಆಕೆಯ ಕೈಚೀಲ ಕೆಳಗಿಳಿದಿದೆ. ಒಳಗೆ ನಾಲ್ಕು ಸೀರೆ. "ಇದ್ಯಾಕ?" ಎಂದೆ. "ಚಪಳಗಾಂವಕ್ಕ ಹೋಗ್ತೀನ್ರಿ. ಅಣ್ಣನ ಮನಿಗಿ." ಎಷ್ಟು ದಿನಕ್ಕೆ ಎಂದರೆ, "ಹೋದ ಮ್ಯಾಲ ನೋಡೂನು" ಎಂದಳು. ಹಬ್ಬವಿಲ್ಲ, ಮದುವೆಯಿಲ್ಲ, ಯಾರಿಗೂ ಜಡ್ಡಿಲ್ಲ; ಅರವತ್ತು ದಾಟಿದ ಹೆಂಗಸು ತವರಿಗೆ ನಾಲ್ಕು ಸೀರೆ ತೆಗೆದುಕೊಂಡು ಹೋಗುವುದೆಂದರೇನು? ಆದರೆ ನನ್ನ ಬುದ್ಧಿಗೆ ಆಗಲೂ ಹೊಳೆದದ್ದು ಇಷ್ಟೇ: ನನಗೆ ಸಮಾಧಾನವಿಲ್ಲದ್ದರಿಂದ ಮನೆಯಲ್ಲಿ ಸಮಾಧಾನವಿಲ್ಲ, ಮೊದಲು ನನ್ನದನ್ನು ಹುಡುಕಿಕೊಳ್ಳಬೇಕು.

ಮರುದಿನ ಗುರುವಾರ, ಸ್ವಾಮಿಗಳ ವಾರವೆಂದು ಅಕ್ಕಲಕೋಟದ ಎಸ್ಟಿ ಬಸ್ಸು ಹತ್ತಿದೆ. ಶಾಂತಿ ಹುಡುಕಲು ಗುರುವಾರ ಅಕ್ಕಲಕೋಟಕ್ಕೆ ಹೋಗುವುದೆಂದರೆ ನಿದ್ದೆ ಮಾಡಲು ಭಾಂಡಿ ಅಂಗಡಿಗೆ ಬಂದ ಹಾಗೆ. ನನಗೆ ಹೊಳೆದ ಈ ವಿಚಾರ ಆ ದಿನ ಸಾವಿರಾರು ಜನಕ್ಕೆ ಹೊಳೆದಿತ್ತು. ಸಾಲಿನಲ್ಲಿ ನನ್ನ ಹಿಂದಿನವರು ನನ್ನ ಬೆನ್ನ ಮೇಲೆ ತೆಂಗಿನಕಾಯಿ ಒತ್ತಿದರು, ಮುಂದಿನವರ ಹೂವಿನ ಬುಟ್ಟಿ ನನ್ನ ಮೂಗಿನಲ್ಲಿತ್ತು; ಸ್ವಾಮಿಗಳ ದರ್ಶನ ಒಂದು ಕಣ್ಣು ಮಿಟುಕಿಸುವಷ್ಟು ಹೊತ್ತು ಆಯಿತು, ಆ ಹೊತ್ತಿನಲ್ಲೇ ನಾನು ಕಣ್ಣು ಮಿಟುಕಿಸಿದೆ. ಹೊರಗೆ ಬಂದವನು ಹತ್ತಿರದಲ್ಲೇ ಇರುವ ನನ್ನ ಅಕ್ಕ ಗುರುಬಾಯಿಯ ಮನೆಗೆ ಹೋದೆ.

"ಬಾ ತಮ್ಮಾ, ನೀ ಬರ್ತೀ ಅಂತ ಗೊತ್ತಿತ್ತು" ಎಂದಳು ಅಕ್ಕ. "ಮಹಾದೇವಿ ಮುಂಜಾನೆನಽ ಫೋನ್ ಮಾಡಿದ್ಲು. 'ಅಕ್ಕಾರ, ಎರಡ್ ದಿನ ನಿಮ್ಮ ಕಡೆ ಇಟಗೋರಿ, ನಿಮಗ ಪುಣ್ಯ ಬರ್ತದ' ಅಂದ್ಲು."

"ಇಟಗೋಳಾಕ ನಾ ಏನ್ ತಂಬಿಗಿ ಏನು?"

"ತಂಬಿಗಿ ಆಗಿದ್ರ ಛಲೋ ಇತ್ತಪಾ. ಇಟ್ಟಲ್ಲೆ ಸುಮ್ಮ ಇರ್ತದ."

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ನಾನು ಮನೆ ಬಿಟ್ಟು ಹೊರಟದ್ದಕ್ಕೆ ನನ್ನ ಹೆಂಡತಿಗೆ ಇಷ್ಟು ಸಂತೋಷವೇ? ಅದೂ ಎರಡು ದಿನ ಇಟ್ಟುಕೊಳ್ಳಿ ಎಂದು ಕೈಮುಗಿದು ಕೇಳುವಷ್ಟು? ಊಟ ಮಾಡು ಎಂದು ಅಕ್ಕ ಕೂಗುತ್ತಿದ್ದಂತೆಯೇ ಎದ್ದೆ, ಸಿಕ್ಕ ಎಸ್ಟಿ ಹತ್ತಿದೆ. ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಒಂದೊಂದಾಗಿ ಬಾರಿಸಿ ನೋಡುತ್ತ, ಚೆನ್ನಾಗಿ ಸದ್ದು ಕೊಡುವವನ್ನು ಆರಿಸಿಟ್ಟುಕೊಂಡೆ. ಮನೆ ಮುಟ್ಟಿದಾಗ ಎರಡೂವರೆ. ನನ್ನ ಬಳಿ ಇದ್ದ ಕೀಲಿಯಿಂದ ಬಾಗಿಲು ತೆರೆದೆ.

ಮಹಾದೇವಿ ಅಡಿಗೆಮನೆಯ ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ಉದ್ದಕ್ಕೆ ಚಾಚಿ ಕೂತಿದ್ದಳು. ತಲೆಯ ಮೇಲೆ ಸೆರಗಿರಲಿಲ್ಲ, ಕೂದಲು ಬಿಚ್ಚಿತ್ತು. ಪಕ್ಕದಲ್ಲಿ ಒಂದು ತಾಟಿನಲ್ಲಿ ಅರ್ಧ ತಿಂದ ಅವಲಕ್ಕಿ ಚೂಡಾ. ಏನೂ ಮಾಡುತ್ತಿರಲಿಲ್ಲ. ಕಿಟಕಿಯ ಬೆಳಕು ಆಕೆಯ ಪಾದದ ಮೇಲೆ ಬಿದ್ದಿತ್ತು, ಆಕೆ ತನ್ನ ಕಾಲ್ಬೆರಳುಗಳನ್ನು ಆಡಿಸುತ್ತ ಅವನ್ನೇ ನೋಡುತ್ತಿದ್ದಳು. ಮುಖದ ಮೇಲೆ ಒಂದು ಹಗುರವಿತ್ತು. ಮದುವೆಯ ವರ್ಷ ಆ ಮುಖ ನೋಡಿದ ನೆನಪು. ನನ್ನ ಸಪ್ಪಳಕ್ಕೆ ತಲೆಯೆತ್ತಿದಳು. ನೋಡುತ್ತಿದ್ದಂತೆಯೇ ಆ ಹಗುರ ಜಾರಿಹೋಯಿತು. ಕಾಲು ಮಡಚಿ, ಸೆರಗು ಎಳೆದುಕೊಂಡು, "ಏನ್ ಬೇಕಾಗಿತ್ರೀ?" ಎಂದಳು.

ಆ ದನಿ ನನಗೆ ಗೊತ್ತಿತ್ತು. ಆ ಮುಖವೂ ಗೊತ್ತಿತ್ತು, ಒಳಗಿನಿಂದ ಗೊತ್ತಿತ್ತು. ವರ್ಷದಲ್ಲಿ ನಾಲ್ಕೈದು ಸಲ ಯಾವನೋ ಒಬ್ಬ ಪುಣ್ಯಾತ್ಮ ಮೂರು ಗಂಟೆಗೆ ಶಟರಿನ ಕೆಳಗೆ ಬಗ್ಗಿ ಬಂದು, "ಕುಕ್ಕರಿನ ಸೀಟಿ ಅದ ಏನ್ರೀ?" ಎಂದು ಕೇಳುತ್ತಿದ್ದ. ಅಪ್ಪನ ಉಪದೇಶ ನೆನೆದು ನಾನು ಸಿಟ್ಟು ಮಾಡದೆ ಎದ್ದು ಕೂಡುತ್ತಿದ್ದೆ, ಆದರೆ ನನ್ನ ಮುಖ ಹೀಗೆಯೇ ಆಗುತ್ತಿತ್ತು. ಎರಡು ತಿಂಗಳಿಂದ, ದಿನಾ ಎರಡರಿಂದ ನಾಲ್ಕರವರೆಗೆ, ಕುರ್ಚಿ ಹಾಕಿಕೊಂಡು ಕೂತು ಕುಕ್ಕರಿನ ಸೀಟಿ ಕೇಳಿದ ಗಿರಾಕಿ ನಾನೇ!

ಬಸ್ಸಿನಲ್ಲಿ ಆರಿಸಿಟ್ಟುಕೊಂಡ ಮಾತುಗಳನ್ನೆಲ್ಲ ಕೆಳಗಿಟ್ಟೆ. ಅಲ್ಲೇ ನೆಲದ ಮೇಲೆ, ಸ್ವಲ್ಪ ದೂರದಲ್ಲಿ ಕೂತೆ. ಆಕೆಯೇ ಮಾತು ತೆಗೆದಳು.

"ನಲವತ್ತ ವರ್ಷ ಈ ಎರಡ ತಾಸು ನಂದಾಗಿತ್ರಿ. ನೀವು ಅಲ್ಲೆ ಶಟರ್ ಇಳಸ್ತಿದ್ರಿ, ನಾ ಮನ್ಯಾಗ ಕಾಲ ಚಾಚ್ತಿದ್ದೆ. ಅತ್ತಿಯಾರು ಮಲಗಿರ್ತಿದ್ರು, ಮಲ್ಲಿನಾಥ ಸಾಲ್ಯಾಗ ಇರ್ತಿದ್ದ. ಯಾರೂ 'ಮಹಾದೇವಿ' ಅಂತ ಒದರ್ತಿರಲಿಲ್ಲ. ಆ ಎರಡ ತಾಸಿನ ಬಲದ ಮ್ಯಾಲ ನಾ ಉಳದ ದಿನ ದೂಡಿನಿ. ನಿಮ್ಮ ಅಂಗಡಿ ಹೋತು ಅಂತ ಊರ ಮಂದಿ ಬಂದ ಮಾತಾಡ್ಸಿ ಹೋದ್ರು. ನಂದೂ ಹೋತಲ್ರಿ. ನಂದ ಯಾರ್ ಕೇಳಿದ್ರು?"

ನನಗೆ ನಾಚಿಕೆಯಾಯಿತು. ಬದಲಾವಣೆ ಬಂದದ್ದು ನನಗೊಬ್ಬನಿಗೇ ಎಂದು ತಿಳಿದು ನಾನು ಅದನ್ನು ಹೊತ್ತುಕೊಂಡು ಮನೆತುಂಬ ಓಡಾಡಿದ್ದೆ, ಅದರ ಮೂಲೆ ಯಾರ ಮೈಗೆ ತಾಗುತ್ತಿದೆ ಎಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

"ಚಪಳಗಾಂವದಾಗ ಸಿಗ್ತದೇನು ನಿನಗ, ಎರಡ ತಾಸು?" ಎಂದೆ.

"ಅಲ್ಲೆಲ್ಲಿ ಸಿಗ್ತದ್ರಿ? ಅಣ್ಣನ ಮನ್ಯಾಗ ಹದಿನಾಲ್ಕ ಮಂದಿ, ನಾಕ ಎಮ್ಮಿ. ಆದ್ರ ಅಲ್ಲೆ ಯಾರೂ ನನ್ನ ಡಬ್ಬಿ ಹೊಂದ್ಸಂಗಿಲ್ಲ."

ಅಷ್ಟು ಹೇಳಿ ಆಕೆಗೇ ನಗು ಬಂತು, ನನಗೂ ಬಂತು. ನಾನು ಎದ್ದು ಫ್ರಿಜ್ಜಿನ ಹಿಂದಿನಿಂದ ಕೊಕ್ಕೆ ತೆಗೆದು ಆಕೆಯ ಕೈಗೆ ಕೊಟ್ಟೆ, ಪೇಟೆಯ ಕಾಯದೆಯನ್ನೆಲ್ಲ ವಿವರಿಸಿ ಹೇಳಿದೆ. ಇನ್ನು ಮುಂದೆ ಎರಡಕ್ಕೆ ನಾನು ಹೊರಗೆ ಹೋಗುವುದು, ಕೊಕ್ಕೆ ಮುಂಬಾಗಿಲ ಹೊರಗೆ ನಿಲ್ಲುವುದು. ನಾಲ್ಕಕ್ಕೆ ಕೊಕ್ಕೆ ಒಳಗೆ ಬಂದ ಮೇಲೆಯೇ ನಾನೂ ಒಳಗೆ ಬರುವುದು. ಆಕೆ ಕೊಕ್ಕೆಯನ್ನು ತಿರುಗಿಸಿ ನೋಡಿ, "ಒಂದ ವಾರ ನೋಡೂನು" ಎಂದಳು. ಚೀಲವನ್ನು ಮಾತ್ರ ಮೇಲಿಡಲಿಲ್ಲ, ಕುರ್ಚಿಯ ಮೇಲೆ ಇಟ್ಟಳು. ಅಡಿಗೆಮನೆಯಲ್ಲಿ ನಾನು ಕೂಡುತ್ತಿದ್ದ ಅದೇ ಕುರ್ಚಿಯ ಮೇಲೆ ಆ ಚೀಲ ವಾರವಿಡೀ ಕೂತು ನನ್ನನ್ನು ನೋಡುತ್ತಿತ್ತು.

ಎರಡು ಗಂಟೆಯ ಬಿಸಿಲಲ್ಲಿ ಸೋಲಾಪುರದ ಮನುಷ್ಯ ಎಲ್ಲಿ ಹೋಗಬೇಕು? ನಾನು ಹೆಚ್ಚು ದೂರ ಹೋಗಲಿಲ್ಲ, ಕೆಳಗೆ ಪಾರ್ಕಿಂಗಿಗೆ ಇಳಿದೆ. ನಮ್ಮ ಕಟ್ಟಡದ ಪಾರ್ಕಿಂಗು ಅರ್ಧ ನೆಲದೊಳಗೆ ಹೋಗಿದೆ. ನನ್ನ ಹಳೆಯ ಸ್ಕೂಟರಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ನೋಡುತ್ತೇನೆ, ನಾನೊಬ್ಬನೇ ಇಲ್ಲ! ಆ ಕಂಬದ ಹಿಂದೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ನಿಂತ ಕಾರಿನಲ್ಲಿ ಸೀಟು ಹಿಂದಕ್ಕೆ ಮಾಡಿ ಮಲಗಿದ್ದಾರೆ. ಈ ಕಂಬದ ಹಿಂದೆ ರೇಲ್ವೆಯಿಂದ ನಿವೃತ್ತರಾದವರು, ಹೋಟಗಿ ಸ್ಟೇಶನ್ನಿನಲ್ಲಿ ಜೀವನವೆಲ್ಲ ಗಾಡಿ ಕಳಿಸಿದವರು, ಈಗಾಗಲೇ ಮಿರಮಿರ ಮಿಂಚುವ ಸೈಕಲ್ಲನ್ನು ಒರೆಸುತ್ತಿದ್ದಾರೆ. ಯಾರೂ ಯಾರನ್ನೂ ಏಕೆ ಬಂದಿರಿ ಎಂದು ಕೇಳಲಿಲ್ಲ. ತಲೆ ಅಲ್ಲಾಡಿಸಿ ತಮ್ಮ ತಮ್ಮ ಕೆಲಸವಿಲ್ಲದ ಕೆಲಸಕ್ಕೆ ಮರಳಿದರು. ರಸ್ತೆಯ ಕಡೆಯ ಗೋಡೆಗೂ ಮೇಲಿನ ಛತ್ತಿಗೂ ನಡುವೆ ಮೊಣಕಾಲೆತ್ತರದ ಒಂದು ಸಂದಿ. ಅಲ್ಲಿಂದ ಬೆಳಕು ಬರುತ್ತಿತ್ತು. ಆ ಬೆಳಕಿನಲ್ಲಿ ಹಾಯುವವರ ಕಾಲುಗಳು ಕಾಣುತ್ತಿದ್ದವು.

ಹೊಸ ಕಾಲುಗಳು, ಒಂದರದೂ ಪರಿಚಯವಿಲ್ಲ. ಮೊದಲ ದಿನ ಬೇಸರವಾಯಿತು. ನಾಲ್ಕನೆಯ ದಿನ ಒಂದು ಜೋಡಿ ಕೆಂಪು ಬೂಟು ಮತ್ತೆ ಬಂತು, ಗುರುತು ಹಿಡಿದೆ. ಆರನೆಯ ದಿನಕ್ಕೆ ತರಕಾರಿ ಗಾಡಿಯವಳ ನಡಿಗೆಯೂ ಗೊತ್ತಾಯಿತು.

ಏಳನೆಯ ದಿನ ಅಲ್ಲಿ ಕೂತಾಗ ಫೋನು ಬಂತು. ಓಣಿಯಲ್ಲಿ ನಮ್ಮ ಎದುರಿಗಿದ್ದ ಬಟ್ಟೆ ಅಂಗಡಿಯವನು, ಎಡಗಡೆ ಸವೆದ ಚಪ್ಪಲಿಯವನು. "ಇವತ್ತ ನಿಮ್ಮದರ ಪಾಳಿ ಬಂತ್ರಿ" ಎಂದ. ಅಂಗಡಿ ಕೆಡವುವ ಯಂತ್ರ ಮೊದಲು ಶಟರಿಗೆ ಕೈ ಹಾಕಿತಂತೆ. ಅದು ಒಮ್ಮೆಲೇ ಕಿತ್ತುಬರಲಿಲ್ಲವಂತೆ, ಅರ್ಧಕ್ಕೆ ಬಂದು ನಿಂತಿತಂತೆ, ಆಮೇಲೆ ಬಿತ್ತಂತೆ. ಅವನು ಇದನ್ನು ನಗುತ್ತ ಹೇಳಲು ಹೊರಟು ಅರ್ಧಕ್ಕೇ ನಿಲ್ಲಿಸಿದ. ಫೋನು ಇಟ್ಟ ಮೇಲೆ ನನಗೆ ಕೂಡಲಾಗಲಿಲ್ಲ. ಗಡಿಯಾರದಲ್ಲಿ ಮೂರು. ಲಿಫ್ಟಿನ ನೆನಪೂ ಆಗದೆ ಮೂರು ಮಹಡಿ ಹತ್ತಿ ಬಂದೆ. ಬಾಗಿಲ ಹೊರಗೆ ಕೊಕ್ಕೆ ನಿಂತಿತ್ತು.

ಕಾಯದೆ ಮಾಡಿದವನು ನಾನೇ, ಕುರ್ಚಿಯ ಮೇಲೆ ಚೀಲವಿನ್ನೂ ಕೂತಿದೆ, ವಾರ ಮುಗಿಯಲು ಇನ್ನೊಂದೇ ತಾಸು. ತಟ್ಟಲಿಲ್ಲ, ಕರೆಯಲಿಲ್ಲ. ಮೆಟ್ಟಿಲ ಮೇಲೆ ಕೂತುಕೊಂಡೆ. ಅಪ್ಪ ಹೋದಾಗ ಅತ್ತಂತೆ ಅಳು ಬಂತು. ಈ ಸಲ ಸುತ್ತ ಭಾಂಡಿಗಳಿರಲಿಲ್ಲ, ಅಂದು ಜೊತೆಗೆ ಕೂತು ಅತ್ತವಳು ಬಾಗಿಲ ಆಚೆ ಇದ್ದಳು. ಮೂಗು ಒರೆಸಿಕೊಂಡ ಸಪ್ಪಳ ಒಳಗೆ ಕೇಳಿಸಿತೋ, ಅಥವಾ ಬಾಗಿಲ ಕೆಳಗಿನ ಸಂದಿಯಲ್ಲಿ ನನ್ನ ಕಾಲು ಕಂಡವೋ, ಚಿಲಕ ತೆಗೆದ ಸದ್ದಾಯಿತು.

"ಬಗ್ಗಿ ಬರ್ರಿ," ಎಂದಳು ಮಹಾದೇವಿ ಒಳಗಿನಿಂದ, "ತಲಿ ಬಡದೀತು."

ಬಾಗಿಲು ಪೂರ್ತಿ ತೆರೆದಿತ್ತು. ಆದರೂ ನಾನು ಬಗ್ಗಿಯೇ ಒಳಗೆ ಹೋದೆ. ಅಡಿಗೆಮನೆಯಲ್ಲಿ ಆಕೆ ಮತ್ತೆ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಳು, ಈ ಸಲ ಸೆರಗು ಎಳೆದುಕೊಳ್ಳಲಿಲ್ಲ. ನಾನೂ ಪಕ್ಕದಲ್ಲಿ ಕೂತು ಕಾಲು ಚಾಚಿದೆ. ಕುರ್ಚಿ ಖಾಲಿಯಿತ್ತು, ತಲೆಯೆತ್ತಿ ನೋಡಿದರೆ ಆಚೆಯ ಖೋಲಿಯ ಕಪಾಟಿನ ಮೇಲೆ ಚೀಲ ಕಂಡಿತು, ಯಾವಾಗ ಇಟ್ಟಿದ್ದಳೋ. ಆಕೆ ಚೂಡಾದ ತಾಟನ್ನು ನನ್ನ ಕಡೆ ಸರಿಸಿದಳು. ಕೊಕ್ಕೆ ನಾಲ್ಕು ಗಂಟೆಯವರೆಗೂ ಹೊರಗೇ ನಿಂತಿತ್ತು.